ಬರ್ತೀನಿ ಅನ್ನದವರ ಊರು

ಮಧುಗಿರಿ ಬೆಟ್ಟದ ಹೊಟ್ಟೆಯೊಳಗೆ ಒಂದು ಊರಿದೆ ಎಂದು ಇಂದ್ರಮ್ಮ ಶುರು ಮಾಡಿದರೆ ಅಂಗನವಾಡಿಯ ಮಕ್ಕಳು ಬಾಯಲ್ಲಿದ್ದ ಅನ್ನ ನುಂಗುವುದನ್ನೂ ಮರೆಯುತ್ತಿದ್ದವು. ಕಿಟಕಿಯಾಚೆ ಆ ಬೋಳು ಬಂಡೆ ಆಕಾಶದ ಅರ್ಧ ನುಂಗಿಕೊಂಡು ಕೂತಿರುತ್ತದೆ, ಕಥೆಗೆ ಅಷ್ಟು ಸಾಕ್ಷಿ ಸಾಕು. ಇಂದ್ರಮ್ಮ ಅಲ್ಲಿ ಸಹಾಯಕಿ. ಕಸ ಗುಡಿಸಬೇಕು, ಸಾರು ಮಾಡಬೇಕು, ಮೂಗು ಒರೆಸಬೇಕು, ಊಟವಾದ ಮೇಲೆ ಮಕ್ಕಳನ್ನು ಮಲಗಿಸಬೇಕು. ಕಥೆ ಹೇಳು ಎಂದು ಯಾರೂ ಹೇಳಿರಲಿಲ್ಲ. ಹೇಳದಿದ್ದರೆ ಅವಳಿಗೇ ಉಸಿರು ಕಟ್ಟುತ್ತಿತ್ತು.

ಬಂಡೆಯೊಳಗಿನ ಆ ಊರಿನಲ್ಲಿ ಯಾರೂ ಯಾರ ಮೇಲೂ ಕೈ ಎತ್ತುವುದಿಲ್ಲ. ಬಾಗಿಲು ಬಿದ್ದ ಸದ್ದಿಗೆ ಯಾರೂ ಬೆಚ್ಚುವುದಿಲ್ಲ. ಆ ಊರಿನ ಬಾಗಿಲಲ್ಲಿ ಒಬ್ಬ ಮುದುಕಿ ಕೂತಿದ್ದಾಳೆ. ರಾಕ್ಷಸನ ಮನೆಯಿಂದ ತಪ್ಪಿಸಿಕೊಂಡ ರಾಜಕುಮಾರಿ ಬೆಟ್ಟ ಹತ್ತಿ, ಮೊಣಕಾಲು ತರಚಿಕೊಂಡು ಅಲ್ಲಿಗೆ ಬರುತ್ತಾಳೆ. ಮುದುಕಿ ಕೇಳುವುದು ಒಂದೇ ಮಾತು.

‘ಮನೆ ಬುಟ್ಟು ಬರೋವಾಗ ಏನಂದು ಬಂದೆ ಮಗಾ?’

‘ಬರ್ತೀನಿ ಅಂದೆ ಅಜ್ಜಿ.’

‘ಅಂಗಾದ್ರೆ ವಾಪಸ್ ಹೋಗು. ಬರ್ತೀನಿ ಅಂದೋರಿಗೆ ಇಲ್ಲಿ ಬಾಗ್ಲು ತೆಗಿಯಾಕಿಲ್ಲ.’

ಮಕ್ಕಳು ಹೋ ಎಂದು ನಗುತ್ತಿದ್ದವು. ಅವಕ್ಕೂ ಗೊತ್ತು, ನಮ್ಮ ಕಡೆ ಯಾರೂ ‘ಹೋಗ್ತೀನಿ’ ಅನ್ನುವುದಿಲ್ಲ. ಕೊತ್ತಂಬರಿ ಸೊಪ್ಪು ತರಲು ಹೊರಟವರೂ ‘ಬರ್ತೀನಿ’ ಅಂತಲೇ ಹೊಸ್ತಿಲು ದಾಟಬೇಕು, ಒಳಗಿನಿಂದ ‘ಹೋಗ್ಬಾ’ ಅನ್ನಬೇಕು. ಸಾವಿನ ಮನೆಯಿಂದ ಏಳುವಾಗ ಮಾತ್ರ ಆ ಮಾತು ಆಡುವಂತಿಲ್ಲ, ಸುಮ್ಮನೆ ಎದ್ದು ಬರಬೇಕು. ರಾಜಕುಮಾರಿ ಪ್ರತಿ ಸಲ ಬಾಯಿ ತಪ್ಪಿ ‘ಬರ್ತೀನಿ’ ಎಂದೇ ಹೊರಡುತ್ತಿದ್ದಳು, ಪ್ರತಿ ಸಲ ರಾಕ್ಷಸನ ಮನೆಗೆ ವಾಪಸು ಹೋಗುತ್ತಿದ್ದಳು. ಇದು ಮಕ್ಕಳಿಗೆ ತಮಾಷೆ. ಸೌಟು ಹಿಡಿಯಲಾಗದಂತೆ ಸೊಟ್ಟಗೆ ಕೂಡಿಕೊಂಡಿದ್ದ ಇಂದ್ರಮ್ಮನ ಬಲಗೈ ಮಣಿಕಟ್ಟನ್ನು ನೋಡಿದವರಿಗೆ ಅದು ತಮಾಷೆಯಾಗಿ ಉಳಿಯುತ್ತಿರಲಿಲ್ಲ.

ಆ ಮಣಿಕಟ್ಟು ಮುರಿದವನು ಗಂಡ ಹಾಲೇಶ್. ಹುಣಸೆಹಣ್ಣಿನ ಮೂಟೆ ಸಾಗಿಸುವ ಟೆಂಪೋ ಓಡಿಸುತ್ತಿದ್ದ. ಕುಡಿತವಿಲ್ಲ, ಬೀಡಿಯಿಲ್ಲ, ಸೋಮವಾರ ತಪ್ಪದೆ ಈಶ್ವರನ ಗುಡಿಗೆ ಹೋಗುತ್ತಿದ್ದ. ಕುಡಿದು ಹೊಡೆಯುವವನಾಗಿದ್ದರೆ ಊರವರು ಹೆಂಡಕ್ಕಾದರೂ ಬೈಯುತ್ತಿದ್ದರು. ಇವನು ಮುಖ ತೊಳೆದು, ವಿಭೂತಿ ಇಟ್ಟುಕೊಂಡು, ತಣ್ಣಗೆ ಹೊಡೆಯುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆಯ ಅಂಚಿನಿಂದ ಅವಳ ಹುಬ್ಬು ಸೀಳಿದ್ದ. ಅಂಗನವಾಡಿ ಟೀಚರ್ ಜೊತೆ ಫೋನಿನಲ್ಲಿ ನಕ್ಕಳೆಂದು ಅವಳ ಕೈಯನ್ನು ಕದದ ಸಂದಿಗೆ ಕೊಟ್ಟು ಕದ ಒದ್ದಿದ್ದ. ಮೂಳೆ ಮುರಿದ ಸದ್ದು ಪಕ್ಕದ ಕೋಣೆಯಲ್ಲಿದ್ದ ಅತ್ತೆ ಮಹಾಲಕ್ಷ್ಮಮ್ಮನಿಗೂ ಕೇಳಿಸಿತ್ತು. ಆಕೆ ಎದ್ದು ಬರಲಿಲ್ಲ. ಆಕೆಯ ಗಂಡನೂ ಆಕೆಗೆ ಅಂಥದ್ದೇ ಬಾಳು ಕೊಟ್ಟು ಸತ್ತಿದ್ದ. ಅದರಿಂದ ಆಕೆ ಕಲಿತದ್ದು ಒಂದೇ, ಸದ್ದು ಶುರುವಾದರೆ ಗೋಡೆಗೆ ಮುಖ ಮಾಡಿ ಮಲಗುವುದು. ಇಂದ್ರಮ್ಮನಿಗೆ ಗಂಡನ ಮೇಲಿದ್ದಷ್ಟೇ ಸಿಟ್ಟು ಆ ಬೆನ್ನಿನ ಮೇಲೂ ಇತ್ತು.

ಮುರಿದ ಕೈಗೆ ಸೆರಗು ಸುತ್ತಿಕೊಂಡು ಮಗಳನ್ನು ಎಳೆದುಕೊಂಡು ಅವಳು ತವರಿಗೆ ಹೋದಳು. ತವರು ಪಾವಗಡದಾಚೆ ನಿಡುಗಲ್. ಬಸ್ಸು ಮುಂದೆ ಹೋದಷ್ಟೂ ಜನರ ಮಾತಿನಲ್ಲಿ ತೆಲುಗು ಸೇರಿಕೊಂಡಿತು, ಅವಳು ಸೀಟಿಗೆ ಬೆನ್ನು ಒರಗಿಸಿದಳು. ಅತ್ತಿಗೆ ‘ಅಯ್ಯೋ ಪಾಪಮು’ ಎಂದು ಬಿಸಿನೀರು ಕಾಯಿಸಿಕೊಟ್ಟಳು. ಅಣ್ಣ ಸಂಜೀವಯ್ಯ ಮಾತ್ರ ಅಂಗಳದಲ್ಲಿ ಕೂತು ನೆಲ ಕೆರೆಯುತ್ತಿದ್ದ. ವಾರ ಕಳೆಯುವುದರೊಳಗೆ ಹಾಲೇಶ್ ಹಿರಿಯರನ್ನು ಕರೆದುಕೊಂಡು ಬಂದ. ಅವರ ಮುಂದಾಳು ಶಂಕರಲಿಂಗಪ್ಪ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಯಾರ ಸಂಸಾರವನ್ನು ಬೇಕಾದರೂ ರಿಪೇರಿ ಮಾಡಿಕೊಡುವ ಮನುಷ್ಯ.

‘ಒಂದೇ ಮಾತು ಕೇಳ್ತೀನಿ ಕಣಮ್ಮ,’ ಎಂದ ಶಂಕರಲಿಂಗಪ್ಪ. ‘ಮನೆ ಬುಡೋವಾಗ ನಿಮ್ಮತ್ತೆಗೆ ಏನಂದು ಬಂದೆ?’

ಇಂದ್ರಮ್ಮನಿಗೆ ಸುಳ್ಳು ಹೊಳೆಯಲಿಲ್ಲ. ‘ಬರ್ತೀನಿ ಅತ್ತೆ ಅಂದೆ.’

‘ನೋಡಪ್ಪ! ಬರ್ತೀನಿ ಅಂತ ಬಾಯ್ಬುಟ್ಟು ಹೇಳಿ ಬಂದವ್ಳೆ. ಮನಸ್ಸಲ್ಲಿ ಬುಡೋ ಯೋಚ್ನೆ ಇದ್ದಿದ್ರೆ ಅಂಗಂತಿದ್ಲಾ?’

ಎಲ್ಲರೂ ತಲೆಯಾಡಿಸಿದರು. ಅಣ್ಣ ಸಂಜೀವಯ್ಯ ಮೊದಲು ತಲೆಯಾಡಿಸಿದ. ಎಲ್ಲರೂ ಆಡುವ ಒಂದು ಮಾತನ್ನೇ ಹಗ್ಗ ಮಾಡಿ ಅವಳನ್ನು ಕಟ್ಟಿ ಎಳೆದು ತಂದರು. ಬಸ್ಸಿನ ಕಿಟಕಿಯಲ್ಲಿ ಬೆಟ್ಟ ಮತ್ತೆ ಕಂಡಾಗ ಅವಳಿಗೆ ಅಳು ಬರಲಿಲ್ಲ. ಬಂಡೆಯೊಳಗೊಂದು ಊರು ಹೊಳೆಯಿತು, ಬಾಗಿಲಲ್ಲೊಬ್ಬ ಮುದುಕಿ ಹೊಳೆದಳು.

ಕಥೆಯನ್ನು ಅಂಗನವಾಡಿಯ ಮಕ್ಕಳು ಕೇಳಿ ಮಲಗಿಬಿಡುತ್ತಿದ್ದವು. ಮಲಗದೆ ಕೇಳುತ್ತಿದ್ದವಳು ಮಗಳು ಯಶಸ್ವಿನಿ. ಐದನೇ ಕ್ಲಾಸು, ಎಣ್ಣೆ ಹಚ್ಚಿದರೂ ಕೂರದ ಕೂದಲು, ಅಪ್ಪನದೇ ಹಟ. ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಅಮ್ಮನ ಪಕ್ಕ ಕೂತು ಕೆದಕುತ್ತಿದ್ದಳು.

‘ಹೋಗ್ತೀನಿ ಅಂದುಬುಟ್ರೆ ನಿಜ್ವಾಗ್ಲೂ ಬಾಗ್ಲು ತೆಗೀತೈತಾ ಅಮ್ಮ?’

‘ತೆಗೀತೈತೆ ಕಣೆ. ಆದ್ರೆ ಯಾರ್ ಬಾಯಲ್ಲೂ ಆ ಮಾತು ಬರಾಕಿಲ್ಲ.’

ಗೋಡೆಯಾಚೆ ಮಹಾಲಕ್ಷ್ಮಮ್ಮ ಕೆಮ್ಮುತ್ತಿದ್ದಳು. ಆಕೆಯೂ ಕೇಳಿಸಿಕೊಳ್ಳುತ್ತಿದ್ದಾಳೆಂದು ಇಂದ್ರಮ್ಮನಿಗೆ ಅನ್ನಿಸಿರಲಿಲ್ಲ. ಕಥೆ ಹೇಳಿ ಮಗಳನ್ನು ಸಮಾಧಾನ ಮಾಡುತ್ತಿದ್ದೇನೆ ಎಂದಷ್ಟೇ ಅಂದುಕೊಂಡಿದ್ದಳು. ಮಗಳು ಅದನ್ನು ನಂಬಿಬಿಟ್ಟಿದ್ದಳು.

ಒಂದು ಬೆಳಿಗ್ಗೆ ಇಂದ್ರಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಇಳಿಸಿದ ಪಾತ್ರೆಯನ್ನು ಬಟ್ಟೆಯಿಟ್ಟು ಪಾದದಲ್ಲಿ ಒತ್ತಿ ಹಿಡಿದು, ಸೊಟ್ಟ ಕೈಗೆ ಎಡಗೈ ಕೂಡಿಸಿ, ಕೋಲು ಆಡಿಸುತ್ತಿದ್ದಳು. ಹಾಲೇಶ್ ನಡುಮನೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. ಯಶಸ್ವಿನಿ ಸ್ಕೂಲ್ ಬ್ಯಾಗು ಹೆಗಲಿಗೇರಿಸಿದಳು. ಬ್ಯಾಗಿನಲ್ಲಿ ಪುಸ್ತಕವಿರಲಿಲ್ಲ, ಎರಡು ಫ್ರಾಕು, ಅಮ್ಮನದೊಂದು ಸೀರೆ, ಒಂದು ಬಿಸ್ಕತ್ ಪೊಟ್ಟಣ. ಹೊಸ್ತಿಲ ಮೇಲೆ ನಿಂತು ತಿರುಗಿದಳು.

‘ಅಪ್ಪಾ, ಹೋಗ್ತೀನಿ.’

ಒಲೆಯ ಮುಂದೆ ಕೋಲು ನಿಂತಿತು.

‘ಏನಂದೆ?’ ಹಾಲೇಶ್ ಕೇಳಿದ.

‘ಹೋಗ್ತೀನಿ ಅಂದೆ. ಅಮ್ಮನ್ನೂ ಕರ್ಕೊಂಡು ಹೋಗ್ತೀನಿ.’

ಹಾಲೇಶ್ ಎದ್ದು ಬಂದು ಹೊಡೆದ ಏಟಿಗೆ ಹುಡುಗಿಯ ಬಾಯಿ ಹೊಸ್ತಿಲಿಗೆ ಬಡಿಯಿತು. ತುಟಿ ಸೀಳಿ ರಕ್ತ ರಂಗೋಲಿಯ ಮೇಲೆ ಸುರಿಯಿತು. ಅವನು ಕೂದಲು ಹಿಡಿದು ಎತ್ತಿದ. ‘ಬೆಳಬೆಳಗ್ಗೆ ಮನೆಗೆ ಸೂತಕದ ಮಾತು ಆಡ್ತೀಯೇನೇ? ಬರ್ತೀನಿ ಅನ್ನು. ಅನ್ನೇ ಲೇ!’

ಹುಡುಗಿ ಅನ್ನಲಿಲ್ಲ. ಅವನು ಮತ್ತೆ ಹೊಡೆದ. ಬಾಯಿಂದ ಒಂದು ಹಲ್ಲು ಬಿದ್ದು ಜಗಲಿಯ ಮೇಲೆ ಉರುಳಿತು. ಅವಳು ರಕ್ತ ಉಗುಳಿ, ‘ಹೋಗ್ತೀನಿ’ ಎಂದಳು.

ತಾನು ಕಟ್ಟಿದ ಕಥೆಗೆ ಮಗಳು ಏಟು ತಿನ್ನುತ್ತಿದ್ದಾಳೆ ಎಂದು ಇಂದ್ರಮ್ಮನಿಗೆ ಹೊಳೆಯಿತು. ಬಿಸಿ ಹಿಟ್ಟು ಅಂಟಿದ ಮುದ್ದೆ ಕೋಲನ್ನು ಕಿತ್ತುಕೊಂಡು ನಡುಮನೆಗೆ ನುಗ್ಗಿ ಅವನ ಮೊಣಕೈಗೆ ಬಾರಿಸಿದಳು. ಕೂದಲು ಹಿಡಿದ ಕೈ ಬಿಟ್ಟುಕೊಂಡಿತು. ಅವನು ತಿರುಗಿ ಅವಳ ಕತ್ತು ಹಿಡಿದು ಗೋಡೆಗೆ ಅದುಮಿದ. ಅವಳು ಕುರುಡಾಗಿ ಕೋಲು ಬೀಸಿದಳು, ಭುಜಕ್ಕೆ, ಕಿವಿಗೆ, ನೆತ್ತಿಗೆ. ಅವನ ವಿಭೂತಿಯ ಮೇಲೆ ರಕ್ತ ಇಳಿಯಿತು. ಕತ್ತಿನ ಹಿಡಿತ ಬಿಡಲಿಲ್ಲ. ಅವಳ ಕಾಲು ನೆಲ ಬಿಟ್ಟು ತುದಿಬೆರಳ ಮೇಲಾಯಿತು, ಕೋಲು ಕೈ ಜಾರಿತು. ಹುಡುಗಿ ಅಪ್ಪನ ತೊಡೆ ಕಚ್ಚಿದಳು, ಅವನು ಒದ್ದ.

ಆಗ ಬಚ್ಚಲ ಹಂಡೆಯ ಕುದಿಯುವ ನೀರು ಒಂದು ಚೊಂಬು ಅವನ ಬೆನ್ನ ಮೇಲೆ ಬಿತ್ತು.

ಹಾಲೇಶ್ ಕಿರುಚಿ ನೆಲಕ್ಕೆ ಕುಸಿದ. ಅವನ ಹಿಂದೆ ಮಹಾಲಕ್ಷ್ಮಮ್ಮ ಖಾಲಿ ಚೊಂಬು ಹಿಡಿದು ನಿಂತಿದ್ದಳು. ಕೆಳಗೆ ಬಿದ್ದಿದ್ದ ಕೋಲನ್ನು ಕಾಲಿನಿಂದ ಸೊಸೆಯ ಕಡೆಗೆ ನೂಕಿದಳು. ಇಂದ್ರಮ್ಮ ಕೆಮ್ಮುತ್ತಾ ಅದನ್ನು ಎತ್ತಿಕೊಂಡಳು.

‘ಅವ್ವಾ, ಹೆತ್ತ ಮಗನ ಮೇಲೆ ನೀರು ಉಯ್ದ್ಬುಟ್ಟೆ,’ ಎಂದ ಹಾಲೇಶ್, ಉರಿಗೆ ಹೊರಳುತ್ತಾ. ‘ಈ ಮುಂಡೇರ್ನ ಆಚೆಗ್ ಹಾಕು. ಇಲ್ಲಾಂದ್ರೆ ನಾನೇ ಮನೆ ಬುಟ್ಟು ಹೋಯ್ತೀನಿ.’

‘ಈ ಮನೆ ನನ್ನ ತವರೋರು ಅರಿಶಿನ ಕುಂಕುಮಕ್ಕೆ ಅಂತ ನಂಗೆ ಕೊಟ್ಟಿದ್ದು,’ ಎಂದಳು ಮುದುಕಿ. ‘ನಿಮ್ಮಪ್ಪನ ಮುಂದೆ ಈ ಮಾತು ಹೇಳೋ ಧೈರ್ಯ ನಂಗೆ ಬರ್ಲಿಲ್ಲ. ನೀನು ಏಳು.’

ಅವನು ತಾಯಿಯ ಮುಖ ನೋಡಿದ, ಹೆಂಡತಿಯ ಕೈಯಲ್ಲಿದ್ದ ಕೋಲು ನೋಡಿದ. ಗೋಡೆ ಹಿಡಿದು ಎದ್ದ. ಬಾಗಿಲಲ್ಲಿ ಅಕ್ಕಪಕ್ಕದವರು ಸೇರಿದ್ದರು. ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿದವನು ಹಲ್ಲು ಕಚ್ಚಿ ಹೇಳಿದ, ‘ಬರ್ತೀನಿ. ಬಂದು ನಿಮ್ಮನ್ನ ನೋಡ್ಕೊಂತೀನಿ.’

‘ಹೋಗು,’ ಎಂದಳು ಮಹಾಲಕ್ಷ್ಮಮ್ಮ.

ಅವನು ನಿಂತ. ಸ್ಲೇಟು ಹಿಡಿದು ಸ್ಕೂಲಿಗೆ ಹೊರಟ ದಿನದಿಂದ ನಿನ್ನೆಯವರೆಗೆ ಆ ಮಾತಿನ ಬೆನ್ನಿಗೆ ಇನ್ನೊಂದು ಅಕ್ಷರ ಬಂದೇ ಬರುತ್ತಿತ್ತು. ಅದಕ್ಕಾಗಿ ಅವನ ಬೆನ್ನು ತಾನಾಗಿ ಕಾದು ನಿಂತಿತು. ಮುದುಕಿ ತುಟಿ ಬಿಗಿ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ‘ಬಾ’ ಅನ್ನಲಿಲ್ಲ. ಕೊನೆಗೆ ಅವನು ಮೆಟ್ಟಿಲಿಳಿದು ಬೀದಿಗೆ ಹೋದ. ಟೆಂಪೋ ಸ್ಟಾರ್ಟ್ ಆಗುವ ಸದ್ದು ಕೇಳಿಸಿತು.

ಅವನು ಮತ್ತೆ ಬರುವುದಿಲ್ಲ ಎಂದು ಯಾರೂ ನಂಬಲಿಲ್ಲ. ಇಂದ್ರಮ್ಮ ಕೋಲನ್ನು ಬಾಗಿಲ ಹಿಂದೆ ನಿಲ್ಲಿಸಿದಳು. ಮೊದಲು ಆಸ್ಪತ್ರೆ, ಅಲ್ಲಿಂದ ನೇರ ಪೊಲೀಸ್ ಸ್ಟೇಷನ್ ಎಂದು ಗಟ್ಟಿಯಾಗಿ, ಬೀದಿಗೆಲ್ಲ ಕೇಳುವಂತೆ ಹೇಳಿದಳು. ಮಗಳ ಬಾಯಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದು ಎತ್ತಿಕೊಂಡಳು. ಹುಡುಗಿಯ ಹೆಗಲಲ್ಲಿ ಇನ್ನೂ ಆ ಬ್ಯಾಗಿತ್ತು. ಅಜ್ಜಿ ಅದನ್ನು ಬಿಡಿಸಿ ತೆಗೆದು, ಒಳಗಿದ್ದ ಸೀರೆಯನ್ನು ಗೂಟಕ್ಕೆ ಹಾಕಿದಳು. ಇದು ಇಂದ್ರಮ್ಮ ಬಿಟ್ಟು ಓಡಿಹೋಗಬೇಕೆಂದು ಹಂಬಲಿಸಿದ ಮನೆಯೇ. ಅದೇ ಗೋಡೆ, ಅದೇ ಕದ, ಕೈ ಮುರಿದ ಸಂದಿಯೂ ಅದೇ. ರಕ್ತವಾಗಿದ್ದ ಹೊಸ್ತಿಲ ಮೇಲೆ ಅವಳಿಗೆ ಕಾಲು ತಡೆಯಿತು. ಏನು ಹೇಳಿ ದಾಟಬೇಕೆಂದು ಗೊತ್ತಾಗಲಿಲ್ಲ.

ಮಹಾಲಕ್ಷ್ಮಮ್ಮ ಹೊಸ್ತಿಲ ಪಕ್ಕದಲ್ಲಿ ಬಂದು ಕೂತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು ಇಬ್ಬರನ್ನೂ ನೋಡಿದಳು.

‘ಹೋಗ್ಬನ್ರವ್ವಾ,’ ಎಂದಳು.

ಊದಿದ ತುಟಿಯ ಹುಡುಗಿ ಅಮ್ಮನ ಹೆಗಲ ಮೇಲಿಂದ ತಲೆಯೆತ್ತಿದಳು. ಅಷ್ಟು ಏಟು ತಿಂದರೂ ಬಾಯಿಂದ ಬರದಿದ್ದ ಮಾತನ್ನು ಈಗ ತಾನಾಗಿಯೇ ಅಂದಳು.

‘ಬರ್ತೀನಿ ಅಜ್ಜಿ.’