ಮಣ್ಣಗುಡ್ಡದಲ್ಲಿ ಉಳಿದ ನಾಲ್ಕು ಮಾತ್ರೆ

ಮಣ್ಣಗುಡ್ಡದಲ್ಲಿ ನಾನು ಇಳಿದುಕೊಂಡಿರುವ ಮನೆಯ ಒಡತಿ ಲಿಲ್ಲಿಬಾಯಿ, ಮಸ್ಕತ್ತಿನಲ್ಲಿ ನರ್ಸ್ ಆಗಿದ್ದವರು. ನಾನು ಮೈಸೂರಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು ಎಂದು ಗೊತ್ತಾದದ್ದೇ ತಡ, ಗಂಜಿ ಬಡಿಸುತ್ತಾ ಕೆಣಕಿದರು.

"ನಿಮ್ಮ ಅಜ್ಜ ಮಂಗ ಆಗಿರ್ಬಹುದು ಮಾರಾಯ್ರೇ. ನನ್ನನ್ನು ದೇವರೇ ಮಾಡಿದ್ದು."

ಅರ್ಧ ಗಂಟೆ ವಿಕಾಸವಾದ ಕೊರೆದೆ. ಅವರು ಉಪ್ಪಿನಕಾಯಿ ಮುಂದೆ ತಳ್ಳಿದರು, ಅಷ್ಟೇ.

ಆಗ ಮೇಜಿನ ಮೇಲಿದ್ದ ನನ್ನ ಆಂಟಿಬಯಾಟಿಕ್ ಮಾತ್ರೆಗಳ ಸ್ಟ್ರಿಪ್ ಅವರ ಕಣ್ಣಿಗೆ ಬಿತ್ತು.

"ಇದೆಂತ, ನಾಲ್ಕು ಉಂಟಲ್ಲ ಇನ್ನೂ?"

"ಗಂಟಲುನೋವು ಹೋಯ್ತು. ಇವತ್ತಿಂದ ನಿಲ್ಲಿಸಿದೆ."

"ಅಯ್ಯೋ ಮಾಸ್ಟ್ರೇ! ಕೋರ್ಸ್ ಮುಗಿಸ್ಬೇಕು. ಅರ್ಧಕ್ಕೆ ಬಿಟ್ರೆ ಗಟ್ಟಿ ಇರುವ ಬ್ಯಾಕ್ಟೀರಿಯಾ ಮಾತ್ರ ಉಳಿಯುವುದು. ಮತ್ತೆ ಅದರ ಮಕ್ಕಳು, ಮೊಮ್ಮಕ್ಕಳಿಗೆ ಈ ಮದ್ದು ಲೆಕ್ಕಕ್ಕೇ ಇಲ್ಲ."

ಖುಷಿಯಿಂದ ಮೇಜು ಕುಟ್ಟಿದೆ. "ಇಷ್ಟು ಹೊತ್ತು ನಾನು ಹೇಳಿದ್ದೂ ಅದನ್ನೇ!"

"ಅದು ಬ್ಯಾಕ್ಟೀರಿಯಾದ ವಿಷಯ. ನಾನೆಂತ ಬ್ಯಾಕ್ಟೀರಿಯಾವಾ?"

ಮಾತ್ರೆಯೊಂದನ್ನು ನನ್ನ ಅಂಗೈಯಲ್ಲಿಟ್ಟು, ಅದರ ಮೇಲೆ ಬೆರಳಿನಿಂದ ಶಿಲುಬೆಯ ಗುರುತು ಎಳೆದು, ನೀರಿನ ಲೋಟ ಹಿಡಿದು ನಿಂತರು.

"ಇಷ್ಟೆಲ್ಲ ಗೊತ್ತಿದ್ದವರು ಮತ್ತೆ ನಿಲ್ಲಿಸಿದ್ದು ಎಂತಕ್ಕೆ?"

ಲೋಟ ಇಸಿದುಕೊಂಡು ಮಾತ್ರೆ ನುಂಗಿದೆ.