ಅಜ್ಜನಿಗೊಂದು ಕಂಬಳಿ

ನನ್ನ ಅತ್ತಿಗೆ ಹದಿನೆಂಟು ವರ್ಷದಿಂದ ಪೊಲೀಸ್ ನಾಯಿಗಳ ಹಾಸಿಗೆ ಒಗೆಯುತ್ತಾಳೆ. ಅಂಗೈಯ ಗೆರೆಗಳೆಲ್ಲ ಸೋಡಾಪುಡಿಗೆ ಸವೆದುಹೋಗಿವೆ. ವಾಸನೆಯ ಸೋಪನ್ನಂತೂ ಮುಟ್ಟುವುದಿಲ್ಲ. ನಾಯಿಯ ಮೂಗು ಕೆಡಿಸಿದರೆ ಅದರ ಅನ್ನಕ್ಕೇ ಕಲ್ಲು ಹಾಕಿದಂತೆ ಎನ್ನುತ್ತಾಳೆ. ಮದುವೆಯ ದಿನ ಬಿಟ್ಟರೆ ತಾನೂ ಸೆಂಟು ಹಚ್ಚಿಕೊಂಡವಳಲ್ಲ, ಅದಕ್ಕೆ ಅಣ್ಣ ಈಗಲೂ ರೇಗಿಸುತ್ತಾನೆ.

ಅಲ್ಲಿನ ನಾಯಿಗಳಲ್ಲಿ ಹಿರಿಯವನಿಗೆ ಎಲ್ಲರೂ ಅಜ್ಜ ಅನ್ನುತ್ತಾರೆ. ಕಳ್ಳ ಬಿಟ್ಟುಹೋದ ಬಟ್ಟೆ ಮೂಸಿಸಿದರೆ ಸಾಕು, ನೂರು ಜನರ ನಡುವೆ ನುಗ್ಗಿ ಅವನ ಮುಂದೆ ತೆಪ್ಪಗೆ ಕೂತುಬಿಡುತ್ತಿದ್ದ. ಈಗ ಸೊಂಟ ಹಿಡಿದುಕೊಂಡಿದೆ. ಚಳಿಗಾಲವನ್ನು ಸಿಮೆಂಟ್ ನೆಲದ ಮೇಲೆ ಕಳೆದರೆ ಮತ್ತೆ ಏಳುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಅದಕ್ಕೇ ಅತ್ತಿಗೆ ಬೀದಿಬೀದಿಯಲ್ಲಿ ಪೆಟ್ಟಿಗೆ ಇಡಿಸಿ, ‘ನಾಯಿಗಳಿಗೆ ದಪ್ಪ ಕಂಬಳಿ ಕೊಡಿ, ಒಗೆದು ಕೊಡಿ’ ಎಂದು ಬರೆಸಿದಳು.

ಬಂದದ್ದನ್ನು ವಿಂಗಡಿಸಲು ಭಾನುವಾರ ನಾನೂ ನಾಯಿಗಳ ಶೆಡ್ಡಿಗೆ ಹೋದೆ. ಥೂ! ಹರಿದ ಚಡ್ಡಿ, ಒಂಟಿ ಚಪ್ಪಲಿ, ತಾರೀಖು ಮುಗಿದ ಕೆಮ್ಮಿನ ಔಷಧಿ, ಯಾರೋ ವಾಂತಿ ಒರೆಸಿದ ಟವೆಲ್ಲು. ಒಬ್ಬ ಮಹಾತಾಯಿ ಕಂಬಳಿಗೆ ಇಡೀ ಬಾಟಲಿ ಸೆಂಟು ಸುರಿದಿದ್ದಳು. ಅದರ ಮೇಲೆ ನಾಯಿ ಮಲಗಿಸಿ ಫೋಟೋ ಕಳಿಸಬೇಕೆಂದು ಚೀಟಿ ಬೇರೆ.

ಅಜ್ಜನ ಮುಂಗಾಲಿಗೆ ಬ್ಯಾಂಡೇಜ್ ಸುತ್ತಿತ್ತು. ಏನಾಯಿತೆಂದು ಕೇಳಿದೆ.

“ಗುರುವಾರ ಚಳಿ ಜಾಸ್ತಿ ಇತ್ತು. ಒಗೆಯೋಕೂ ಪುರುಸೊತ್ತಿಲ್ದೆ ಒಂದು ಪರದೆ ಮಡಿಸಿ ಹಾಸಿದೆ. ಕೊಕ್ಕೆ ಕೂಡ ತೆಗೀದೆ ಕೊಟ್ಟಿದ್ರು, ನಾನೂ ನೋಡ್ಲಿಲ್ಲ. ಐದು ಹೊಲಿಗೆ ಬಿತ್ತು.”

ನನಗೆ ಮೈಯೆಲ್ಲ ಉರಿಯಿತು. “ಎಂಥಾ ಜನ ಅತ್ತಿಗೆ. ಕಸದ ಗಾಡಿ ತನಕ ಹೋಗೋಕೆ ಸೋಮಾರಿತನ, ಅದಕ್ಕೆ ದಾನ ಅಂತ ಹೆಸರು. ಕೈಗೆ ಸಿಗ್ಲಿ, ಉಗಿದು ಉಪ್ಪಿನಕಾಯಿ ಹಾಕ್ತೀನಿ.”

“ಬಿಡು, ಕೆಲಸ ನೋಡು,” ಎಂದು ಅತ್ತಿಗೆ ಮೂಲೆಯಲ್ಲಿದ್ದ ಚೀಲವನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದಳು. ಚೀಲ ಮಗುಚಿತು. ರಕ್ತದ ಕಲೆಯ ನೀಲಿ ಪರದೆ ಹೊರಗೆ ಜಾರಿತು.

ಅಜ್ಜ ಕಷ್ಟಪಟ್ಟು ಎದ್ದ. ಪರದೆಯನ್ನು ಮೂಸಿದ. ಕುಂಟುತ್ತಾ ಅತ್ತಿಗೆಯನ್ನು ದಾಟಿ, ಬಾಗಿಲಲ್ಲಿ ನಿಂತಿದ್ದ ಪೇದೆಯನ್ನೂ ದಾಟಿ ಬಂದು ನನ್ನ ಮುಂದೆ ಕೂತ.

ಅದು ನಮ್ಮ ಮಲಗುವ ಕೋಣೆಯ ಪರದೆ. ಹೋದ ವಾರ ಕಿತ್ತು, ಇದ್ದಹಾಗೇ ಪೆಟ್ಟಿಗೆಗೆ ತುರುಕಿ, ಪುಣ್ಯ ಕಟ್ಟಿಕೊಂಡೆನೆಂದು ಕೈ ಕೊಡವಿದ್ದೆ.

“ನಿಂಗೆ ಮೊದಲೇ ಗೊತ್ತಿತ್ತಾ?” ಎಂದೆ.

“ಆ ಪರದೆ ಹೊಲಿದುಕೊಟ್ಟವಳು ನಾನಲ್ವಾ,” ಎಂದಳು ಅತ್ತಿಗೆ.

ಅಜ್ಜ ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದ. ಬಾಲ ನೆಲ ಗುಡಿಸುತ್ತಿತ್ತು.

“ಬೆನ್ನು ತಟ್ಟೇ,” ಎಂದಳು. “ಕಂಡುಹಿಡಿದಾಗ ತಟ್ಟಬೇಕು. ಇಲ್ಲಾಂದ್ರೆ ತಾನೇ ತಪ್ಪು ಮಾಡಿದೆ ಅಂದ್ಕೋತಾನೆ.”

ತಟ್ಟಿದೆ. ಅವನು ನನ್ನ ಕೈ ನೆಕ್ಕಿದ. ಆ ಕೈ ಕಂಡು ನನಗೇ ಅಸಹ್ಯವಾಯಿತು.