ಕಿವಿ ಅತ್ತೆಯ ಪದಪಟ್ಟಿ

“ಅಮ್ಮಾ, ನಾನು ಹೇಳದೇ ಇರೋ ಮಾತು ಕಿವಿ ಅತ್ತೆಗೆ ಹೇಗೆ ಕೇಳಿಸ್ತು?”

ಇವತ್ತು ಆಸ್ಪತ್ರೆಯಿಂದ ಬರುವಾಗ ಮಗಳು ಕೇಳಿದಳು. ಐದು ವರ್ಷದವಳು, ಕೇಳಿ ಮುಂದಿನ ಕಲ್ಲಿಗೆ ಕುಪ್ಪಳಿಸಿದಳು. ನನ್ನ ಕಾಲು ಮಾತ್ರ ಅಲ್ಲೇ ನಿಂತಿತು.

ಮಗಳು ಕಿವಿ ಅತ್ತೆ ಎನ್ನುವುದು ನಮ್ಮ ಮೇಲಿನ ಮನೆಯ ಅಕ್ಕನಿಗೆ. ಇಪ್ಪತ್ತಾರು ವರ್ಷದಿಂದ ಕಿವಿ ಪರೀಕ್ಷೆ ಮಾಡುತ್ತಾರೆ. ಕೆಲಸಕ್ಕೆ ಹೊರಟರೆ ಕೈಗೆ ಗಡಿಯಾರವಿಲ್ಲ, ಕಾಲಿಗೆ ಬಟ್ಟೆಯ ಚಪ್ಪಲಿ. ಮೆಟ್ಟಿಲಿಳಿದದ್ದು ಬೆಕ್ಕಿಗೂ ತಿಳಿಯದು. “ಹೆಂಡತಿ ಕರೆದದ್ದು ಕೇಳಿಸಲ್ಲ ಅಂತ ಬರೋ ಗಂಡಸರಲ್ಲಿ ಅರ್ಧ ಜನರ ಕಿವಿ ಗಟ್ಟಿಮುಟ್ಟಾಗೇ ಇರುತ್ತೆ ಕಣೇ. ಆ ರೋಗಕ್ಕೆ ನನ್ನ ಹತ್ತಿರ ಯಂತ್ರ ಇಲ್ಲ,” ಎಂದು ನಗಿಸುವವರು.

“ನಿಮ್ಮ ಮಗಳು ಕರೆದರೆ ತಿರುಗೋದೇ ಇಲ್ಲ,” ಎಂದು ಟೀಚರ್ ಹೇಳಿದ್ದಕ್ಕೆ ಇವತ್ತು ಮಗಳನ್ನು ಅತ್ತೆಯ ಆಸ್ಪತ್ರೆಗೆ ಕರೆದೊಯ್ದಿದ್ದೆ. ಸದ್ದು ಹೊಗದ ಕೋಣೆ ಅದು. ದಪ್ಪ ಬಾಗಿಲು ಮುಚ್ಚಿದೊಡನೆ, ನಾನು ಎಂಜಲು ನುಂಗಿದ ಸದ್ದೂ ಬೇರೆ ಯಾರದೋ ಅನ್ನಿಸಿತು. ಅತ್ತೆ ಮಗಳ ಕಿವಿಗೆ ಸಣ್ಣ ನಳಿಕೆ ಇಟ್ಟರು. “ನಾವು ಸದ್ದು ಕಳಿಸಿದರೆ ಕಿವಿಯೂ ಒಳಗಿಂದ ಒಂದು ಸಣ್ಣ ಸದ್ದು ಮಾಡುತ್ತೆ. ಯಂತ್ರ ಅದನ್ನ ಕೇಳಿಸಿಕೊಳ್ಳುತ್ತೆ.” ಮಗಳ ಕಿವಿ ಉತ್ತರ ಕೊಟ್ಟಿತು.

“ಇಷ್ಟಕ್ಕೇ ಮುಗೀಲಿಲ್ಲ. ಕಿವಿ ಸರಿಯಿದ್ದೂ ನರ ಕೈಕೊಟ್ಟಿರಬಹುದು. ಆಗ ಸದ್ದು ಬರುತ್ತೆ, ಮಾತು ಬರಲ್ಲ. ನೀರಿನಡಿಯಿಂದ ಯಾರೋ ಕೂಗಿದ ಹಾಗೆ.”

ನನ್ನನ್ನು ಹೊರಗೆ ಕೂರಿಸಿದರು. ಗಾಜಿನಾಚೆ ಅತ್ತೆ ತುಟಿ ಕಾಣದಂತೆ ರಟ್ಟಿನಿಂದ ಬಾಯಿ ಮುಚ್ಚಿಕೊಂಡು ಪದ ಹೇಳುವುದು, ಮಗಳ ತುಟಿ ಅಲುಗುವುದು, ಅತ್ತೆ ಹಾಳೆಯ ಮೇಲೇ ಕಣ್ಣಿಟ್ಟು ಗುರುತು ಹಾಕುವುದು ಕಾಣುತ್ತಿತ್ತು. ಒಂದೂ ಕೇಳಿಸುತ್ತಿರಲಿಲ್ಲ.

“ಹತ್ತಕ್ಕೆ ಹತ್ತು!” ಎಂದು ಬಾಗಿಲು ತೆರೆದರು. ಅಷ್ಟರಲ್ಲಿ ಮಗಳು ರಟ್ಟು ಕಸಿದು ತನ್ನ ಬಾಯಿಗೆ ಹಿಡಿದಳು. “ಈಗ ನೀವು ಹೇಳಿ! ಆನೆ!”

“ಮರ,” ಎಂದರು ಅತ್ತೆ.

“ಕುರ್ಚಿ!”

“ಚೆಂಡು.”

“ಚಪ್ಪಲಿ!”

“ಬಾಗಿಲು.”

ಆಟ ಆಡಿಸುತ್ತಿದ್ದಾರೆಂದು ನಾನು ನಕ್ಕೆ. ಅವರು ನಗಲಿಲ್ಲ. “ಸರಿ ತಾನೇ?” ಎಂದು ನನ್ನ ಮುಖ ನೋಡಿದರು.

ಸಂಜೆ ಮಗಳ ರಿಪೋರ್ಟು ಹಿಡಿದು ಮೇಲೆ ಹೋದೆ. ಅತ್ತೆ ಎಂದಿನಂತೆ ಕುರ್ಚಿಯನ್ನು ನನ್ನೆದುರಿಗೇ ಎಳೆದುಕೊಂಡರು. ಇಷ್ಟು ದಿನ ಅದನ್ನು ಅಕ್ಕರೆ ಎಂದುಕೊಂಡಿದ್ದೆ. ಅವರ ಕಣ್ಣು ನನ್ನ ತುಟಿಯ ಮೇಲಿತ್ತು. ರಿಪೋರ್ಟನ್ನು ಬಾಯಿಗೆ ಅಡ್ಡ ಹಿಡಿದು ಕೇಳಿದೆ, “ಅಕ್ಕಾ, ಮಗಳು ಆನೆ ಅಂದರೆ ನೀವು ಮರ ಅಂದ್ರಲ್ಲ, ಯಾಕೆ?”

“ಹಕ್ಕಿ,” ಎಂದರು.

ಕಾಗದ ಇಳಿಸಿ ಮತ್ತೆ ಕೇಳಿದೆ. ಈ ಸಲ ಅವರಿಗೆ ತಿಳಿಯಿತು.

“ಮರ, ಚೆಂಡು, ಬಾಗಿಲು, ಹಕ್ಕಿ... ಪರೀಕ್ಷೆಯ ಪದಪಟ್ಟಿಗಳೆಲ್ಲ ನನಗೆ ಬಾಯಿಪಾಠ ಕಣೇ. ಅನುಮಾನ ಬಂದು ಎರಡು ಸಲ ನನ್ನನ್ನ ನಾನೇ ಪರೀಕ್ಷೆ ಮಾಡಿಕೊಂಡೆ, ಅದೇ ಪಟ್ಟಿಯ ರೆಕಾರ್ಡಿಂಗ್ ಹಾಕಿ. ಹತ್ತಕ್ಕೆ ಹತ್ತು ಬಂತು. ಎದುರಿನವರ ತುಟಿ ಕಾಣದ ಕೂಡಲೇ ತಲೆಯೊಳಗೆ ಪಟ್ಟಿ ತಾನಾಗೇ ಓದಿಕೊಳ್ಳುತ್ತೆ. ಕೇಳಿಸಿದ್ದು ಯಾವುದು, ನೆನಪಾದದ್ದು ಯಾವುದು ನನಗೇ ಗೊತ್ತಾಗಲ್ಲ.” ನನ್ನ ಕೈಯಿಂದ ರಿಪೋರ್ಟು ತೆಗೆದುಕೊಂಡು ಅಡ್ಡಗೆರೆ ಎಳೆದರು. “ಇದನ್ನ ನಂಬಬೇಡ. ನಿನ್ನ ಮಗಳು ಹತ್ತೂ ಹೇಳಿದಳೋ, ನಾನೇ ಹೇಳಿಕೊಂಡೆನೋ. ನಾಳೆ ಬೇರೆಯವರ ಹತ್ತಿರ ತೋರಿಸು. ತಲೆಗೆ ತಂತಿ ಅಂಟಿಸಿ ನರವನ್ನೇ ಕೇಳಲಿ. ಅವಳಿಗೆ ಮುಂಚೆ ಬಂದ ಮಕ್ಕಳನ್ನೂ ವಾಪಸ್ ಕರೆಸಬೇಕು.”

“ನೀವು, ಅಕ್ಕಾ?”

“ನಾನೂ ಅಂಟಿಸಿಕೊಳ್ತೀನಿ. ಅದಕ್ಕೆ ಮುಂಚೆ ಒಂದು ಉಪಕಾರ ಮಾಡು. ನೀನು ದಿನಾ ಬರೀತೀಯಲ್ಲ, ಆ ಡೈರಿ ತಗೊಂಡು ಬಾ. ನನ್ನ ಪಟ್ಟಿಯಲ್ಲಿಲ್ಲದ ಹತ್ತು ಪದ ಆರಿಸು. ಬಾಯಿ ಮುಚ್ಚಿಕೊಂಡು ಓದು. ನಾನು ಏನಂದೆನೋ ಅದನ್ನೇ ಬರಿ. ಅಯ್ಯೋ ಪಾಪ ಅಂತ ಒಂದಕ್ಕೂ ಸರಿ ಗುರುತು ಹಾಕಬೇಡ.”